ಬೋನನ್ನು ಮರಕ್ಕೆ ಕಟ್ಟಿ

ಪಶ್ಚಿಮಘಟ್ಟದ ಮಳೆಕಾಡಿಗೆ ಸಣ್ಣ ಸಸ್ತನಿಗಳ ಸಮೀಕ್ಷೆಗೆಂದು ಬರುವ ಹೊಸಬರು ಬೋನುಗಳನ್ನೆಲ್ಲ ನೆಲದ ಮೇಲಿಡುತ್ತಾರೆ. ಬೆಳಿಗ್ಗೆ ಹೋಗಿ ನೋಡಿದರೆ ಕಾಡಿಲಿ ಸಿಕ್ಕಿರುತ್ತದೆ, ಅದೃಷ್ಟವಿದ್ದರೆ ಸುಂಡಿಲಿಯೂ. ಮರದ ಮೇಲೆ ಬದುಕುವ ಪುಟ್ಟ ಇಲಿ ಮಲಬಾರ್ ಸ್ಪೈನಿ ಡಾರ್ಮೌಸ್ ಮಾತ್ರ ಇರುವುದಿಲ್ಲ. ವಾರ ಕಳೆಯುವುದರೊಳಗೆ ನೋಟ್‌ಬುಕ್ಕಿನಲ್ಲಿ 'ಇಲ್ಲಿಲ್ಲ' ಎಂಬ ಷರಾ ಬೀಳುತ್ತದೆ. ನಾನೂ ಹಾಗೆ ಬರೆದವನೇ. ಅದೇ ಬೋನನ್ನು ಆಳೆತ್ತರಕ್ಕಿಂತ ಮೇಲೆ, ಬಳ್ಳಿ ಹಬ್ಬಿದ ಕೊಂಬೆಗೆ ಅಲುಗಾಡದಂತೆ ಕಟ್ಟಿದ ಮೇಲೆ ಷರಾ ಹೊಡೆದುಹಾಕಬೇಕಾಯಿತು.

ನಾನು ಇದನ್ನು ಮುಳ್ಳಿಲಿ ಎನ್ನುತ್ತೇನೆ. ಗೇಣುದ್ದಕ್ಕಿಂತ ಚಿಕ್ಕ ಮೈ, ಬೆನ್ನ ಮೇಲೆ ನುಣುಪು ಕೂದಲ ನಡುವೆ ಚಪ್ಪಟೆ ಮುಳ್ಳುಗಳು. ತಲೆಯಿಂದ ಬಾಲದ ಕಡೆಗೆ ಸವರಿದರೆ ಏನೂ ಆಗದು, ಎದುರು ಸವರಿದರೆ ಚುಚ್ಚುತ್ತದೆ. ಬಾಲವಂತೂ ಬಾಟಲಿ ತೊಳೆಯುವ ಬ್ರಷ್ಷು. 1859ರಲ್ಲಿ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ ಕೊಟ್ಟ ವೈಜ್ಞಾನಿಕ ಹೆಸರು ಪ್ಲಾಟಕ್ಯಾಂತೊಮಿಸ್ ಲ್ಯಾಸಿಯೂರಸ್. ಚಪ್ಪಟೆ ಮುಳ್ಳಿನ, ಪೊದೆಬಾಲದ ಇಲಿ ಎಂದರ್ಥ.

ಡಾರ್ಮೌಸ್ ಎಂಬ ಹೆಸರು ಬಂದದ್ದು ಆ ಬಾಲದಿಂದ. ಯುರೋಪಿನ ನಿಜವಾದ ಡಾರ್ಮೌಸ್‌ಗಳಿಗೂ ಇಂಥದೇ ಬಾಲ. ಆದರೆ ಬಾಯಿ ತೆರೆದು ನೋಡಿ: ಡಾರ್ಮೌಸ್‌ಗಳಿಗೆ ದವಡೆಹಲ್ಲುಗಳ ಮುಂದೆ ಇನ್ನೊಂದು ಹಲ್ಲು, ಮುಂದವಡೆ, ಇರುತ್ತದೆ, ಇದಕ್ಕಿಲ್ಲ. ನಮ್ಮ ಮನೆಯ ಇಲಿಯಂತೆಯೇ ಪ್ರತಿ ಬದಿಗೂ ಮೂರೇ ದವಡೆಹಲ್ಲು. ಹಾಗೆಂದು ಇದು ಮನೆಯಿಲಿಯ ಹತ್ತಿರದ ನೆಂಟನೂ ಅಲ್ಲ. ಇದರ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ. ಬದುಕಿರುವ ಹತ್ತಿರದ ಬಂಧುಗಳು ದಕ್ಷಿಣ ಚೀನಾ ಮತ್ತು ವಿಯೆಟ್ನಾಂನ ಬೆಟ್ಟಗಾಡಿನ ಟೈಫ್ಲೊಮಿಸ್ ಎಂಬ ಇಲಿಗಳು. ಅವುಗಳ ಕಣ್ಣು ತೀರಾ ಚಿಕ್ಕವು. ಬಾವಲಿಗಳಂತೆ ಪ್ರತಿಧ್ವನಿ ಕೇಳಿಕೊಂಡು ಕತ್ತಲಲ್ಲಿ ಕೊಂಬೆ ಹಿಡಿಯುತ್ತವೆ. ನಡುವಿನ ಸಾವಿರಾರು ಕಿಲೋಮೀಟರಿನಲ್ಲಿ ಈ ಮನೆತನದವರು ಬೇರೆ ಯಾರೂ ಉಳಿದಿಲ್ಲ.

ತೋಟದವರ ಕಣ್ಣಲ್ಲಿ ಇದು ಮೆಣಸು ಕದಿಯುವ ಇಲಿ. ಆರೋಪ ಪೂರ್ತಿ ಸುಳ್ಳಲ್ಲ. ಕಾಳುಮೆಣಸು, ಹಲಸು ತಿನ್ನುತ್ತದೆಂದು 19ನೇ ಶತಮಾನದ ಬರಹಗಳಲ್ಲೇ ಇದೆ. ಮರಕ್ಕೆ ಕಟ್ಟಿದ ಕಳ್ಳಿನ ಮಡಕೆಗೂ ಇಳಿಯುತ್ತದಂತೆ! ಆದರೆ ಮುಳ್ಳಿಲಿಗೆ ಮೆಣಸಿನ ಬಳ್ಳಿಗಿಂತ ಮುಖ್ಯವಾದದ್ದು ಪೊಟರೆ. ಹಗಲೆಲ್ಲ ಅದರೊಳಗೆ ಎಲೆ, ಪಾಚಿ ಹಾಸಿಕೊಂಡು ಮಲಗಬೇಕು, ಮರಿ ಹಾಕಬೇಕು. ಪೊಟರೆ ಬೀಳುವುದು ವಯಸ್ಸಾದ ಮರಕ್ಕೆ, ಕೊಂಬೆ ಮುರಿದು ಒಳಗೆ ಕೊಳೆತ ಕಡೆ. ನಾವು ಮೊದಲು ಕಡಿಯುವುದೂ ಅದನ್ನೇ, 'ಟೊಳ್ಳು ಮರ, ಯಾಕೆ ನಿಲ್ಲಿಸಬೇಕು' ಎಂದು. ಅಳಿವಿನ ಅಪಾಯವನ್ನು ಅಳೆಯುವ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿ ಇದನ್ನು 'ಅಪಾಯಕ್ಕೀಡಾಗಬಲ್ಲ' ಪ್ರಭೇದಗಳ ಸಾಲಿಗೆ ಸೇರಿಸಿದೆ. ಮೆಣಸಿನ ಬಳ್ಳಿ ಎಷ್ಟು ನೆಟ್ಟರೂ ಕಡಿದ ಪೊಟರೆಗೆ ಬದಲಿ ಸಿಗುವುದಿಲ್ಲ.

ಬೋನಿನಲ್ಲಿ ಸಿಕ್ಕರೆ ತಡಮಾಡಬೇಡಿ. ಮಳೆಯ ರಾತ್ರಿ ತಗಡಿನೊಳಗೆ ಬೇಗ ತಣ್ಣಗಾಗಿಬಿಡುತ್ತದೆ, ಆದ್ದರಿಂದ ಮೊದಲೇ ಒಂದು ಹಿಡಿ ಒಣ ಎಲೆ ತುಂಬಿರಿ. ತೂಕ ನೋಡಿ, ಅಳತೆ ತೆಗೆದು, ಹಿಡಿದ ಮರದಲ್ಲೇ ಬಿಡಿ. ಬಿಟ್ಟಮೇಲೆ ಅಲ್ಲೇ ಸದ್ದಿಲ್ಲದೆ ನಿಂತು ಕತ್ತೆತ್ತಿ ನೋಡುತ್ತಿರಿ. ಎಲ್ಲಿ ನುಸುಳಿತೋ ಆ ಮರಕ್ಕೆ ನಂಬರು ಹಾಕಿ.