ಪೆಡಲ್‌ನ ಕೀರಲು ಸದ್ದಿಗೆ ಕೆಪಾಸಿಟರ್ ಮದ್ದಲ್ಲ

ಮಡಿಕೇರಿಯ ನನ್ನ ಕೆಲಸದ ಮೇಜಿಗೆ ಬರುವ, ಮನೆಯಲ್ಲೇ ಕಟ್ಟಿದ ಗಿಟಾರ್ ಪೆಡಲ್‌ಗಳಲ್ಲಿ (ಗಿಟಾರಿನ ಸದ್ದನ್ನು ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿಗಳು) ಹೆಚ್ಚಿನವಕ್ಕೆ ಒಂದೇ ಕಾಯಿಲೆ. ತಂತಿ ಮುಟ್ಟದಿದ್ದರೂ ಆಂಪ್‌ನಿಂದ ಜೀರುಂಡೆಯ ಸದ್ದು ಬರುತ್ತಿರುತ್ತದೆ. ಮುಚ್ಚಳ ತೆಗೆದರೆ ವೋಲ್ಟೇಜನ್ನು ಏರಿಸುವ ಇಲ್ಲವೇ ತಿರುಗಿಸುವ ಒಂದು ಚಾರ್ಜ್ ಪಂಪ್ ಐಸಿ, ಅದರ ಪಕ್ಕ ಸದ್ದಡಗಿಸಲೆಂದು ಹಾಕಿದ ಹೆಬ್ಬೆರಳು ಗಾತ್ರದ ಕೆಪಾಸಿಟರ್ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ). 100 ಮೈಕ್ರೋಫ್ಯಾರಡ್ ಸಾಲದೆಂದು 470, ಅದೂ ಸಾಲದೆಂದು 1000. ದಯವಿಟ್ಟು ಇದನ್ನು ನಿಲ್ಲಿಸಿ.

ಪಂಪ್ ಮಾಡುವುದಿಷ್ಟೆ: ಒಂದು ಕೆಪಾಸಿಟರನ್ನು ತುಂಬಿಸಿ ಇನ್ನೊಂದಕ್ಕೆ ಸುರಿಯುತ್ತದೆ, ಸೆಕೆಂಡಿಗೆ ಸಾವಿರಾರು ಬಾರಿ. ಪ್ರತಿ ಬಾರಿಯೂ ಗ್ರೌಂಡ್ ತಂತಿಯಲ್ಲಿ, ಅಂದರೆ ಕರೆಂಟು ವಾಪಸಾಗುವ ದಾರಿಯಲ್ಲಿ, ಕರೆಂಟು ನುಗ್ಗುತ್ತದೆ. ಕಾಫಿ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ತೋಟದ ಸ್ಪ್ರಿಂಕ್ಲರನ್ನೂ ಮನೆಯ ನಲ್ಲಿಯನ್ನೂ ಒಂದೇ ಪೈಪಿಗೆ ಹಾಕಿ ನೋಡಿ, ನಲ್ಲಿಯ ನೀರು ತಡೆತಡೆದು ಬೀಳುತ್ತದೆ. ಗಿಟಾರ್ ಜ್ಯಾಕ್‌ನ ಗ್ರೌಂಡ್ ಪಂಪ್‌ನ ತಂತಿಯನ್ನೇ ಹಂಚಿಕೊಂಡರೆ ಆಗುವುದೂ ಅದೇ. ಆ ತಂತಿಯ ಅಲ್ಪ ರೋಧದಲ್ಲಿ ಹುಟ್ಟಿದ ವೋಲ್ಟೇಜ್ ಗಿಟಾರಿನ ಸಿಗ್ನಲ್ ಜೊತೆ ಸೇರಿ, ಸದ್ದನ್ನು ಹಿಗ್ಗಿಸಿ ಒರಟಾಗಿಸುವ ಡಿಸ್ಟಾರ್ಷನ್ ಹಂತದಲ್ಲಿ ನೂರಾರು ಪಟ್ಟು ಹಿಗ್ಗುತ್ತದೆ. ಪ್ಲಸ್ ತಂತಿಗೆ ಎಷ್ಟೇ ದೊಡ್ಡ ಕೆಪಾಸಿಟರ್ ಕಟ್ಟಿದರೂ ಗ್ರೌಂಡಿನ ಈ ದಾರಿ ಮುಚ್ಚುವುದಿಲ್ಲ.

ಆದ್ದರಿಂದ ಐಸಿಯ 3ನೇ ಪಿನ್ ಮತ್ತು ಅದರ ಕೆಪಾಸಿಟರ್‌ಗಳ ಗ್ರೌಂಡ್ ಒಂದೆಡೆ ಸೇರಿ, ಬೇರೆಯೇ ತುಂಡು ತಂತಿಯಲ್ಲಿ ನೇರವಾಗಿ ಪವರ್ ಜ್ಯಾಕ್ ತಲುಪಲಿ. ಸಿಗ್ನಲ್ ಗ್ರೌಂಡ್ ತನ್ನದೇ ತಂತಿಯಲ್ಲಿ ಅಲ್ಲಿಗೇ ಬರಲಿ. ಪಂಪ್‌ನ ಔಟ್‌ಪುಟ್‌ಗೆ 100 ಓಮ್ ರೆಸಿಸ್ಟರ್, ನಂತರ 100 ಮೈಕ್ರೋಫ್ಯಾರಡ್ ಸಾಕು. ಸುಮಾರು 16 ಹರ್ಟ್ಸ್‌ನಿಂದ ಮೇಲಿನದ್ದೆಲ್ಲ ಸೋಸಿಹೋಗುತ್ತದೆ.

ಪಂಪ್ ಟಿಸಿ1044ಎಸ್ ಎಂಬ ಐಸಿಯಾದರೆ 1ನೇ ಪಿನ್ನನ್ನು 8ನೆಯದಕ್ಕೆ ಸೇರಿಸಿ. ಪಂಪಿನ ವೇಗ ನಿರ್ಧರಿಸುವ ಆಸಿಲೇಟರ್ ಸುಮಾರು 10ರಿಂದ 45 ಕಿಲೋಹರ್ಟ್ಸ್‌ಗೆ ಏರಿ ಕಿವಿಗೆ ನಿಲುಕದಂತಾಗುತ್ತದೆ. ಎಲ್‌ಟಿ1054 ಎಂಬ ಇನ್ನೊಂದು ಪಂಪ್ ಐಸಿಯಲ್ಲಿ ಮಾತ್ರ ಹೀಗೆ ಮಾಡಬೇಡಿ, ಅಲ್ಲಿ 1ನೇ ಪಿನ್ನಿನ ಕೆಲಸವೇ ಬೇರೆ. ಇದೇ ಬಗೆಯ ಮ್ಯಾಕ್ಸ್1044 ಐಸಿ ಸುಮಾರು 10 ವೋಲ್ಟ್ ಮಾತ್ರ ತಾಳುತ್ತದೆ. 9 ಎಂದು ಬರೆದ ಅಗ್ಗದ ಅಡಾಪ್ಟರ್ ನಿಜಕ್ಕೂ ಎಷ್ಟು ಕೊಡುತ್ತದೆಂದು ಮೀಟರ್ ಹಿಡಿದು ನೋಡಿಯೇ ಜೋಡಿಸಿ. ಗುಂಯ್ ಎನ್ನುವ ದಪ್ಪ ಸದ್ದು ಮನೆಯ ಕರೆಂಟಿನದು. ಅದಕ್ಕೆ ಪಂಪನ್ನು ದೂರಬೇಡಿ.

ದಸರೆಗೆ ಮುಂಚೆ ಗೋಣಿಕೊಪ್ಪದಿಂದ ಆರ್ಕೆಸ್ಟ್ರಾದಲ್ಲಿ ನುಡಿಸುವ ಹುಡುಗನೊಬ್ಬ ಬಂದಿದ್ದ. ಬೆಸುಗೆ ನನ್ನದಕ್ಕಿಂತ ಅಚ್ಚುಕಟ್ಟು, ನೋಡಿ ಖುಷಿಯಾಯಿತು. "ಸರ್, ನಾಲ್ಕು ಐಸಿ ಬದಲಾಯಿಸಿದೆ. ಎಲ್ಲವೂ ನಕಲಿ ಇರಬೇಕು" ಎಂದ. ನಾನು ಒಂದು ಗ್ರೌಂಡ್ ತಂತಿಯನ್ನು ಕತ್ತರಿಸಿ, ಪವರ್ ಜ್ಯಾಕ್‌ಗೆ ಗೇಣುದ್ದದ ಹೊಸದನ್ನು ಎಳೆದೆ. ಸದ್ದು ನೂಲಿನಷ್ಟಾಯಿತು. 1ನೇ ಪಿನ್ ಸೇರಿಸಿದ ಮೇಲೆ ಅದೂ ಹೋಯಿತು. ಅವನು ಜೇಬಿನಿಂದ ಹಳೆಯ ಮೂರು ಐಸಿಗಳನ್ನು ತೆಗೆದ. ಒಂದೊಂದಾಗಿ ಸಾಕೆಟ್‌ಗೆ ಹಾಕಿ ನೋಡಿದೆವು. ಮೂರೂ ಸರಿಯಾಗಿಯೇ ಇದ್ದವು.