ಪ್ಲೈವುಡ್ ತೊಟ್ಟಿ ನೀರಿಗೆ ಉಬ್ಬಿ ಒಡೆಯುವುದಿಲ್ಲವೇ?

ಪ್ರಶ್ನೆ: ಅಣ್ಣಾವರೇ, ನನ್ನ ಬಳಿ ನಾಲ್ಕು ಆಸ್ಕರ್ ಮೀನುಗಳಿವೆ. ಈಗಿರುವ 3 ಅಡಿಯ ಗಾಜಿನ ತೊಟ್ಟಿ ಅವಕ್ಕೆ ಸಾಲುತ್ತಿಲ್ಲ. 8 ಅಡಿ ಉದ್ದದ ತೊಟ್ಟಿ ಮಾಡಿಸುವ ಆಸೆಯಿದೆ, ಆದರೆ ಪೂರ್ತಿ ಗಾಜಿನದು ನನ್ನ ಕೈಗೆಟುಕುವುದಿಲ್ಲ. ಪ್ಲೈವುಡ್‌ನಲ್ಲಿ ಮಾಡಬಹುದೆಂದು ಕೇಳಿದ್ದೇನೆ. ಬಡಿಗತನ ಮಾಡುವ ನಮ್ಮ ಕಾಕಾ ಮಾತ್ರ, "ನೀರು ಕುಡಿದ ಪ್ಲೈವುಡ್ ಉಳಿದದ್ದನ್ನು ನಾನು ಕಂಡಿಲ್ಲ" ಎನ್ನುತ್ತಾರೆ. ಯಾರ ಮಾತು ನಿಜ?
– ಜೇವರ್ಗಿಯ ಓದುಗರೊಬ್ಬರು

ನಿಮ್ಮ ಕಾಕಾ ಹೇಳಿದ್ದು ನಿಜ. ತೊಟ್ಟಿ ಮಾಡಬಹುದೆಂಬುದೂ ನಿಜ. ಸರಿಯಾಗಿ ಕಟ್ಟಿದ ತೊಟ್ಟಿಯಲ್ಲಿ ನೀರು ಪ್ಲೈವುಡ್ಡನ್ನು ಮುಟ್ಟುವುದೇ ಇಲ್ಲ. ಮರ ಭಾರ ಹೊರುತ್ತದೆ, ಅದರ ಒಳಮೈಗೆ ಬಳಿದ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಲೇಪ) ನೀರನ್ನು ತಡೆಯುತ್ತದೆ, ಮುಂದಿನ ಗಾಜು ಮೀನನ್ನು ತೋರಿಸುತ್ತದೆ. ಈ ಮೂರರಲ್ಲಿ ಒಂದರ ಕೆಲಸವನ್ನು ಇನ್ನೊಂದರ ಮೇಲೆ ಹೊರಿಸಿದಾಗಲೇ ತೊಟ್ಟಿ ಕೆಡುವುದು.

ಮೊದಲು ಭಾರದ ಲೆಕ್ಕ. 8 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ಆಳದ ತೊಟ್ಟಿಗೆ ಸುಮಾರು 1,130 ಲೀಟರ್ ನೀರು ಹಿಡಿಯುತ್ತದೆ, ಅಂದರೆ ಅಷ್ಟೇ ಕಿಲೋ. ಆ ನೀರು ಮುಂದಿನ ಗೋಡೆಯನ್ನು ಸುಮಾರು 450 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಆಳವನ್ನು 3 ಅಡಿಗೆ ಏರಿಸಿದರೆ ಇದೇ ಒತ್ತಡ ಸಾವಿರ ಕಿಲೋ ದಾಟುತ್ತದೆ. ಉದ್ದ, ಅಗಲ ಎಷ್ಟು ಬೇಕಾದರೂ ಆಸೆಪಡಿ, ಮೊದಲ ತೊಟ್ಟಿಯಲ್ಲಿ ಆಳವನ್ನು ಮಾತ್ರ 2 ಅಡಿಗೆ ನಿಲ್ಲಿಸಿ. ಆಸ್ಕರ್‌ಗೆ ಬೇಕಿರುವುದು ಈಜಿ ತಿರುಗಲು ಜಾಗ, ಎತ್ತರವಲ್ಲ. 4 ಅಡಿಗಿಂತ ಚಿಕ್ಕ ತೊಟ್ಟಿಯಾದರೆ ಪ್ಲೈವುಡ್ಡಿನ ಗೋಜೇ ಬೇಡ, ಗಾಜಿನದೇ ಸುಲಭ.

ಹಲಗೆ ಕೊಳ್ಳುವಾಗ "ವಾಟರ್‌ಪ್ರೂಫ್" ಎಂಬ ಮಾತನ್ನು ನಂಬಬೇಡಿ. ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆಗೆ ಐಎಸ್ 710 ಎಂಬ ಸಂಖ್ಯೆ ಇರಬೇಕು. ಅದು ಮರೀನ್ ಪ್ಲೈವುಡ್, ಅಂದರೆ ಕುದಿಸಿದರೂ ಪದರ ಬಿಡದ ಹಲಗೆ. ಪೀಠೋಪಕರಣಕ್ಕೆ ಬಳಸುವ ಮಾಮೂಲಿ ಎಂಆರ್ ದರ್ಜೆಯ, ತೇವ ಮಾತ್ರ ತಾಳುವ ಹಲಗೆ ಇಲ್ಲಿಗೆ ಆಗದು. ಅನುಮಾನವಿದ್ದರೆ ಅಂಗೈಯಷ್ಟು ತುಂಡನ್ನು ಹಳೆಯ ಪಾತ್ರೆಯಲ್ಲಿ ಇಡೀ ದಿನ ಕುದಿಸಿ. ಪದರ ಬಿಟ್ಟುಕೊಂಡರೆ ಆ ಹಲಗೆ ಬೇಡ. 18 ಮಿಲಿಮೀಟರ್ ದಪ್ಪದ, 8x4 ಅಡಿಯ ಮೂರು ಹಾಳೆ ಸಾಕು: ಒಂದರಲ್ಲಿ ಹಿಂಬದಿ ಮತ್ತು ಮುಂಬದಿ, ಒಂದರಲ್ಲಿ ತಳ, ಒಂದರಲ್ಲಿ ಎರಡು ಪಕ್ಕಗಳು. ಉಳಿದ ಪಟ್ಟಿಗಳು ಮೇಲಿನ ಅಡ್ಡಪಟ್ಟಿಗೆ ಬೇಕು. ಮೇಲಂಚಿನಲ್ಲಿ ಸುತ್ತಲೂ ಒಂದು ಪಟ್ಟಿ, ನಡುವೆ ಹಿಂದಿನಿಂದ ಮುಂದಕ್ಕೆ ಎರಡು ಪಟ್ಟಿ ಇಲ್ಲದಿದ್ದರೆ ಉದ್ದದ ಗೋಡೆ ಹೊಟ್ಟೆ ಬಿಡುತ್ತದೆ.

ಮುಂಬದಿಯ ಚೌಕಟ್ಟನ್ನು ನಾಲ್ಕು ಪಟ್ಟಿ ಜೋಡಿಸಿ ಮಾಡಬೇಡಿ. ಇಡೀ ಹಾಳೆಯಲ್ಲಿ ಕಿಟಕಿ ಕತ್ತರಿಸಿ ತೆಗೆಯಿರಿ. ಆಗ ಮೂಲೆಗಳಲ್ಲಿ ಜೋಡಣೆಯೇ ಇರುವುದಿಲ್ಲ, ಬಿಡಲು ಏನೂ ಇರುವುದಿಲ್ಲ. ಈ ಕೆಲಸಕ್ಕೆ ನಿಮ್ಮ ಕಾಕಾ ಅವರನ್ನೇ ಕರೆಯಿರಿ. ಅಳತೆ ತಪ್ಪದ ಕೈ ಇಲ್ಲಿ ಬೇಕು. ಜೋಡಣೆಗೆ ನೀರಿಗೆ ಜಗ್ಗದ ಅಂಟು, ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ಎರಡೂ ಇರಲಿ. ನೀರು ಹೊರಹೋಗುವ ಪೈಪಿಗೆ ತೂತು ಬೇಕಿದ್ದರೆ ಈಗಲೇ ಕೊರೆದುಬಿಡಿ. ಬಳಿದ ಮೇಲೆ ಕೊರೆದ ತೂತು ಎಂದರೆ ನೀರಿಗೆ ತೆರೆದಿಟ್ಟ ಬಾಗಿಲು.

ಇನ್ನು ಬಳಿಯುವ ಕೆಲಸ. ತೊಟ್ಟಿಯ ಆಯುಷ್ಯ ಇರುವುದು ಇಲ್ಲಿ. ನನ್ನ ಮೊದಲ ತೊಟ್ಟಿಗೆ ಮೇ ತಿಂಗಳಲ್ಲಿ, ಮಾಳಿಗೆಯ ಮೇಲೆ, ಬೆಳಿಗ್ಗೆ ಎಂಟಕ್ಕೆ ಎಪಾಕ್ಸಿ ಬಳಿದಿದ್ದೆ. ತಂಪು ಹೊತ್ತು, ಇದೇ ಸರಿ ಎಂದುಕೊಂಡಿದ್ದೆ. ಹನ್ನೊಂದಕ್ಕೆ ಹೋಗಿ ನೋಡಿದರೆ ಹಂಚಿನ ಮೇಲಿನ ರೊಟ್ಟಿಯಂತೆ ಮೈತುಂಬ ಗುಳ್ಳೆ. ಕೆಲವು ಒಡೆದು ಸೂಜಿಮೊನೆಯಷ್ಟು ತೂತುಗಳಾಗಿದ್ದವು. ಅವುಗಳ ಮೇಲೆಯೇ ಇನ್ನೊಂದು ಸಲ ಬಳಿದು ನೀರು ತುಂಬಿಸಿದೆ. ಮೂರು ವಾರಕ್ಕೆ ತಳದ ಮೂಲೆ ಉಬ್ಬಿತು. ಮೂರು ಹಾಳೆ ಮರೀನ್ ಪ್ಲೈವುಡ್ ಹಾಳಾದ ಆ ಸಂಕಟ ಇಂದಿಗೂ ಮರೆತಿಲ್ಲ.

ಆದದ್ದಿಷ್ಟು: ಮರದೊಳಗೆ ಗಾಳಿ ಇರುತ್ತದೆ. ಹೊತ್ತು ಏರಿದಂತೆ ಹಲಗೆ ಕಾಯುತ್ತದೆ, ಗಾಳಿ ಹಿಗ್ಗಿ ಹೊರಬರುತ್ತದೆ, ಇನ್ನೂ ಒಣಗದ ಎಪಾಕ್ಸಿಯನ್ನು ತೂರಿಕೊಂಡು ಬರುತ್ತದೆ. ಅದೇ ಹಲಗೆಗೆ ಸಂಜೆ, ಬಿಸಿಲಿಳಿದು ಮೈ ತಣಿಯತೊಡಗಿದಾಗ ಬಳಿಯಿರಿ. ಆಗ ಒಳಗಿನ ಗಾಳಿ ಕುಗ್ಗುತ್ತದೆ, ಮರವೇ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. 40 ಡಿಗ್ರಿ ದಾಟುವ ನಮ್ಮ ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಈ ಒಂದು ಮಾತು ನೆನಪಿಟ್ಟರೆ ಅರ್ಧ ಕೆಲಸ ಗೆದ್ದಂತೆ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳಾದರೆ ಇನ್ನೂ ಒಳ್ಳೆಯದು.

ಕುಡಿಯುವ ನೀರಿನ ಟ್ಯಾಂಕಿಗೆ ಒಪ್ಪುವ, ದ್ರಾವಕ ಬೆರೆಸದ ಎಪಾಕ್ಸಿಯನ್ನೇ ತನ್ನಿ. ಮರೀನ್ ಪ್ಲೈವುಡ್ಡಿಗೆ ಕೊಳೆತ ತಡೆಯುವ ರಾಸಾಯನಿಕ ಉಣಿಸಿರುತ್ತಾರೆ. ಅದರಲ್ಲಿ ತಾಮ್ರ ಇರಬಹುದು, ತಾಮ್ರ ಮೀನಿಗೆ ವಿಷ. ಹಾಗಾಗಿ ಈ ಪದರ ಮರವನ್ನು ನೀರಿನಿಂದ ಕಾಯುವಂತೆ ಮೀನನ್ನು ಮರದಿಂದಲೂ ಕಾಯುತ್ತದೆ. ರಾಳ ಮತ್ತು ಹಾರ್ಡನರ್ ಎರಡನ್ನೂ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಅಳೆದು ಬೆರೆಸಿ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು, ಹಾಗೆ ಮಾಡಿದ್ದು ಕೊನೆಯವರೆಗೂ ಅಂಟಂಟಾಗಿಯೇ ಉಳಿಯುತ್ತದೆ. ಬೆರೆಸಿದ್ದನ್ನು ಮಗ್ಗಿನಲ್ಲಿ ಬಿಡಬೇಡಿ, ತನ್ನದೇ ಬಿಸಿಗೆ ಹೊಗೆಯಾಡಿ ಕಲ್ಲಾಗುತ್ತದೆ. ಅಗಲವಾದ ತಾಟಿಗೆ ಸುರಿದುಕೊಳ್ಳಿ. ಕೈಗವಸು ಕಡ್ಡಾಯ, ಹಸಿ ಎಪಾಕ್ಸಿ ಚರ್ಮಕ್ಕೆ ಒಗ್ಗುವುದಿಲ್ಲ. ಉಜ್ಜುಕಾಗದ ಹಿಡಿದಾಗ ಮುಖಗವಸೂ ಇರಲಿ.

ಒಳಮೂಲೆಗಳನ್ನು ಚೂಪಾಗಿ ಬಿಡದೆ ಗಟ್ಟಿ ಎಪಾಕ್ಸಿ ಲೇಪದಿಂದ ಬೆರಳಾಡಿಸಿದಷ್ಟು ದುಂಡಗೆ ಮಾಡಿ, ಅದರ ಮೇಲೆ ಅಂಗೈ ಅಗಲದ ಫೈಬರ್‌ಗ್ಲಾಸ್ ಬಟ್ಟೆಯ ಪಟ್ಟಿ ಕೂರಿಸಿ. ನಂತರ ಇಡೀ ಒಳಮೈಗೆ ಕನಿಷ್ಠ ಮೂರು ಕೈ ಎಪಾಕ್ಸಿ ಬಳಿಯಿರಿ. ಪ್ರತಿ ಕೈ ಒಣಗಿದ ಮೇಲೆ ಕತ್ತಲಲ್ಲಿ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿಯಿರಿ. ಹಗಲಲ್ಲಿ ಕಾಣದ ಸೂಜಿತೂತು ಆ ಬೆಳಕಿನಲ್ಲಿ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಸುತ್ತ ಪೆನ್ಸಿಲ್‌ನಿಂದ ಗುಂಡು ಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿ, ಉಜ್ಜಿ, ಸಂಜೆ ಎಪಾಕ್ಸಿ ತುಂಬಿ. ಒಂದು ತೂತೂ ಕಾಣದ ರಾತ್ರಿ ಬರುವವರೆಗೆ ಈ ಕೆಲಸ ನಡೆಯಲಿ.

ಗಾಜು 12 ಮಿಲಿಮೀಟರ್. ಅದನ್ನು ಚೌಕಟ್ಟಿನ ಹೊರಗೆ ಅಂಟಿಸಬೇಡಿ, ಒಳಗಿನಿಂದ ಕೂರಿಸಿ. ಆಗ ನೀರಿನ ಒತ್ತಡವೇ ಗಾಜನ್ನು ಮರಕ್ಕೆ ಒತ್ತಿ ಹಿಡಿಯುತ್ತದೆ. ಸುತ್ತಲೂ 2 ಇಂಚು ಚೌಕಟ್ಟಿನ ಮೇಲೆ ಗಾಜು ಕೂರಬೇಕು. ಬೂಷ್ಟು ತಡೆಯುವ ಔಷಧಿ ಬೆರೆಸಿದ ಬಾತ್‌ರೂಂ ಸಿಲಿಕೋನ್ ಮೀನಿಗೆ ವಿಷ, ಅಕ್ವೇರಿಯಂಗೆಂದೇ ಮಾಡಿದ್ದು ಬೇಕು. ಸಿಲಿಕೋನ್ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ, ಆದ್ದರಿಂದ ಬಳಿಯುವುದೆಲ್ಲ ಮುಗಿದು ಗಟ್ಟಿಯಾದ ನಂತರವೇ ಗಾಜಿನ ಕೆಲಸ.

ಜೇವರ್ಗಿಯವರಾದ್ದರಿಂದ ನೆಲದ ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ, ಮಳೆಗಾಲದಲ್ಲಿ ಉಬ್ಬುವ ಮಣ್ಣು. ಅದರ ಮೇಲೆ ಹಾಸಿದ ಶಹಾಬಾದ್ ಫರಸಿ ವರ್ಷಕ್ಕೆರಡು ಸಲ ಕದಲುತ್ತದೆ. ತೊಟ್ಟಿಯ ಒಟ್ಟು ಭಾರ ಒಂದೂಕಾಲು ಟನ್ ದಾಟುತ್ತದೆ, ಒಂದು ಮೂಲೆ ಕುಸಿದರೂ ಗಾಜು ತಿರುಚುತ್ತದೆ. ಮಣ್ಣಿನ ತೇವ ಹೆಚ್ಚು ಏರಿಳಿಯುವುದು ಹೊರಗೋಡೆಯ ಬುಡದಲ್ಲಿ, ಬಚ್ಚಲಿನ ಪಕ್ಕದಲ್ಲಿ. ಆ ಜಾಗ ಬಿಟ್ಟು ಒಳಮನೆಯಲ್ಲಿ ಫರಸಿ ಎತ್ತಿಸಿ, ಎರೆ ತೆಗೆಸಿ, ಮೊರಂ ತುಂಬಿ ದಮ್ಮಸ್ಸು ಮಾಡಿಸಿ, ಸರಳು ಕಟ್ಟಿದ ಕಾಂಕ್ರೀಟ್ ಹಾಸು ಹಾಕಿಸಿ. ಗೌಂಡಿ ನೀರಿನ ಪೈಪಿನಿಂದ ನಾಲ್ಕೂ ಮೂಲೆಯ ಮಟ್ಟ ನೋಡಲಿ. ಮಾಳಿಗೆಯ ಮೇಲೆ, ಮೊದಲ ಮಹಡಿಯಲ್ಲಿ ಇಡುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಗಾಜಿನ ಕೆಲಸವೂ ಮುಗಿದ ಮೇಲೆ ಒಂದು ವಾರ ಮುಟ್ಟದೆ ಬಿಡಿ. ಆಮೇಲೆ ತೊಟ್ಟಿಯ ಸುತ್ತ ಹಳೆಯ ದಿನಪತ್ರಿಕೆ ಹಾಸಿ ನೀರು ಬಿಡಿ. ಮೊದಲ ದಿನ ಅರ್ಧ ಅಡಿ, ಮರುದಿನ 1 ಅಡಿ, ಹೀಗೆ ನಾಲ್ಕು ದಿನಕ್ಕೆ ತುಂಬಲಿ. ಸೋರಿದ ಒಂದೇ ಹನಿಯನ್ನೂ ಪತ್ರಿಕೆಯ ಕಾಗದ ತೋರಿಸುತ್ತದೆ. ತುಂಬಿದ ನೀರು ಒಂದು ವಾರ ನಿಂತು ಕಾಗದ ಒಣಗಿಯೇ ಇದ್ದರೆ ಆ ನೀರನ್ನೆಲ್ಲ ಹೊರಗೆ ಬಿಟ್ಟು ಹೊಸದಾಗಿ ತುಂಬಿಸಿ.

ಅಲಂಕಾರಕ್ಕೆ ಅಂಗಳದ ಫರಸಿ ಚೂರುಗಳನ್ನು ಹಾಕುವ ಮನಸ್ಸಾದೀತು. ಅದು ಸುಣ್ಣದ ಕಲ್ಲು. ನಿಂಬೆರಸ ಹಿಂಡಿ ನೋಡಿ, ನೊರೆ ಬರುತ್ತದೆ. ಮೊದಲೇ ಗಡಸಾದ ನಮ್ಮ ಬೋರ್ ನೀರನ್ನು ಅದು ಇನ್ನಷ್ಟು ಗಡಸು ಮಾಡುತ್ತದೆ. ಆಸ್ಕರ್ ಅಮೆಜಾನ್ ಸೀಮೆಯ ಮೆದುನೀರಿನ ಮೀನು, ತಾಳಿಕೊಂಡರೂ ಅದಕ್ಕೆ ಹಿತವಲ್ಲ. ನೊರೆ ಬಾರದ ಕಲ್ಲನ್ನೇ ಆರಿಸಿ. ಹಳೆಯ ಫಿಲ್ಟರಿನ ಸ್ಪಂಜನ್ನು ತೊಳೆಯದೆ ಹೊಸ ಫಿಲ್ಟರಿಗೆ ಹಾಕಿ, ಅದರಲ್ಲಿರುವ ಸೂಕ್ಷ್ಮಜೀವಿಗಳೇ ಹೊಸ ನೀರಿನ ಅಮೋನಿಯಾ ತಿನ್ನಬೇಕು. ಮೊದಲ ದಿನ ಒಂದೇ ಆಸ್ಕರ್ ಬಿಡಿ. ವಾರಗಟ್ಟಲೆ ನೀರು ಪರೀಕ್ಷಿಸುತ್ತ, ಅಮೋನಿಯಾ ಕಾಣದಿದ್ದಾಗ ಮಾತ್ರ ಮುಂದಿನದು.