ಬಚ್ಚಿಟ್ಟ ಪುಸ್ತಕಗಳಿಂದ ಹುಟ್ಟಿದ ಪದ

ಇಂಗ್ಲಿಷ್ ಬರಹಗಳಲ್ಲಿ ಆಗಾಗ ಕಣ್ಣಿಗೆ ಬೀಳುವ ಪದ ‘ಅಪಾಕ್ರಿಫಲ್’. ಎಲ್ಲರ ಬಾಯಲ್ಲೂ ಇರುವ, ಆದರೆ ನಿಜವಾಗಿ ನಡೆದಿತ್ತೇ ಎಂದು ಕೇಳಿದರೆ ಯಾರೂ ಗಟ್ಟಿಯಾಗಿ ಹೇಳಲಾಗದ ಕಥೆಗೆ ಈ ಮಾತು ಬಳಸುತ್ತಾರೆ. ಸುಮ್ನೆ ‘ಸುಳ್ಳು’ ಎಂದುಬಿಟ್ಟರೆ ಪದಕ್ಕೆ ಅನ್ಯಾಯವಾಗುತ್ತದೆ. ಅದರ ಹುಟ್ಟು ನೋಡಿದರೆ ಯಾಕೆಂದು ತಿಳಿಯುತ್ತದೆ.

ಮೂಲ ಗ್ರೀಕ್. ಅಲ್ಲಿ ‘ಅಪೋಕ್ರುಫೋಸ್’ ಅಂದರೆ ಬಚ್ಚಿಟ್ಟದ್ದು. ಅನುಮಾನಕ್ಕಿಂತ ಗುಟ್ಟಿನ ಅರ್ಥವೇ ಮೊದಲಿನದು, ಗುಟ್ಟಿಗೆ ಗೌರವವೂ ಇತ್ತು. ಎಜ್ರ ಎಂಬ ಧರ್ಮಗುರುವಿನ ಹೆಸರಿನಲ್ಲಿರುವ ಒಂದು ಹಳೆಯ ಯೆಹೂದಿ ಗ್ರಂಥದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಸಂಗವಿದೆ. ಎಜ್ರ 40 ದಿನ ಹೇಳುತ್ತಾ ಹೋಗುತ್ತಾನೆ, ಐದು ಜನ ಬರೆದುಕೊಳ್ಳುತ್ತಾರೆ. ಒಟ್ಟು 94 ಪುಸ್ತಕ. 24ನ್ನು ಎಲ್ಲರ ಕೈಗೂ ಕೊಡು, ಉಳಿದ 70ನ್ನು ಜ್ಞಾನಿಗಳಿಗೆಂದು ತೆಗೆದಿಡು ಎಂದು ದೇವರ ಅಪ್ಪಣೆಯಾಗುತ್ತದೆ. ಅಂದರೆ ಬಚ್ಚಿಟ್ಟದ್ದಕ್ಕೇ ಬೆಲೆ ಜಾಸ್ತಿ!

ಆದರೆ ಗುಟ್ಟಿಗೆ ಸಾಕ್ಷಿ ಇರುವುದಿಲ್ಲ. ನಿನ್ನೆ ಬರೆದ ಪುಸ್ತಕಕ್ಕೆ ಹಳೆಯ ಪ್ರವಾದಿಯ ಹೆಸರು ಹಾಕಿ ‘ಇಷ್ಟು ದಿನ ಅಡಗಿತ್ತು’ ಎಂದು ಯಾರು ಬೇಕಾದರೂ ಹೇಳಬಹುದು, ಅಲ್ವಾ? 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ತನ್ನ ಈಸ್ಟರ್ ಪತ್ರದಲ್ಲಿ ಇದನ್ನೇ ದೂರಿದ. ಹೊಸ ಬರಹಕ್ಕೆ ಹಳೆಯ ಕಾಲದ ಲೇಪ ಹಚ್ಚಿ ಮುಗ್ಧರನ್ನು ದಾರಿ ತಪ್ಪಿಸುತ್ತಿದ್ದಾರೆ ಎಂದ. ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಕೊಟ್ಟದ್ದೂ ಅದೇ ಪತ್ರದಲ್ಲಿ. ‘ಬಚ್ಚಿಟ್ಟದ್ದು’ ಎಂಬ ಮಾತು ‘ನಂಬಬಾರದ್ದು’ ಎಂಬ ಕಡೆಗೆ ವಾಲಿದ್ದು ಹೀಗೆ.

ಮುಂದೆ ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1534ರ ಜರ್ಮನ್ ಬೈಬಲ್‌ನಲ್ಲಿ ಕೆಲವು ಪುಸ್ತಕಗಳನ್ನು ‘ಅಪಾಕ್ರಿಫ’ ಎಂದು ಬೇರೆಯಾಗಿಟ್ಟ. ಶಾಸ್ತ್ರಕ್ಕೆ ಸಮವಲ್ಲ, ಆದರೂ ಓದಲು ಒಳ್ಳೆಯವು ಎಂದ. ಕ್ಯಾಥೊಲಿಕರು ಅವುಗಳಲ್ಲಿ ಹೆಚ್ಚಿನವನ್ನು ಶಾಸ್ತ್ರವೆಂದೇ ಒಪ್ಪಿದರು. ಆ ಭಿನ್ನಮತ ಕನ್ನಡದವರೆಗೂ ಬಂದಿದೆ: ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73.

16ನೇ ಶತಮಾನದ ಕೊನೆಗೆ ಇಂಗ್ಲಿಷಿನಲ್ಲಿ ಪದ ಚರ್ಚಿನಿಂದ ಆಚೆ ಬಂತು. ಯಾವ ಕಥೆಗಾದರೂ ಅಂಟತೊಡಗಿತು. ಜಾರ್ಜ್ ವಾಷಿಂಗ್ಟನ್ ಚಿಕ್ಕವನಿದ್ದಾಗ ಚೆರಿ ಗಿಡಕ್ಕೆ ಕೊಡಲಿ ಹಾಕಿ, ಅಪ್ಪನ ಮುಂದೆ ತಪ್ಪು ಒಪ್ಪಿಕೊಂಡ ಕಥೆ ಗೊತ್ತಲ್ಲ? ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ. ಮೇಸನ್ ವೀಮ್ಸ್ ಬರೆದ ಜೀವನಚರಿತ್ರೆಗೆ ಈ ಕಥೆ ಸೇರಿದ್ದು 1806ರ ಮುದ್ರಣದಲ್ಲಿ. ಆ ಮನೆಯವರಿಗೆ ದೂರದ ನೆಂಟಳಾದ ಒಬ್ಬ ವಯಸ್ಸಾದ ಹೆಂಗಸು ಹೇಳಿದ್ದು ಎಂದು ವೀಮ್ಸ್ ಬರೆದ. ಆಕೆಯ ಹೆಸರು ಕೊಡಲಿಲ್ಲ. ಬೇರೆ ಪುರಾವೆಯೂ ಇಲ್ಲ.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಕಟ್ಟುಕಥೆ’ ಎಂದರೆ ಯಾರೋ ಬೇಕೆಂದೇ ಕಟ್ಟಿದರು ಎಂದಾಗುತ್ತದೆ. ‘ದಂತಕಥೆ’ ಹತ್ತಿರದ್ದು. ‘ಅಂತೆಕಂತೆ’ಯಲ್ಲಿ ಸ್ವಲ್ಪ ತಾತ್ಸಾರ ಇದೆ. ನಿಜ ಹೇಳಬೇಕೆಂದರೆ ನಮಗೆ ಬೇರೆ ಪದವೇ ಬೇಕಿಲ್ಲ. ‘ಗಿಡ ಕಡಿದ’ ಎಂದರೆ ಹೇಳುವವನೇ ಹೊಣೆ. ‘ಗಿಡ ಕಡಿದನಂತೆ’ ಎಂದರೆ, ಕೇಳಿದ್ದು ಹೇಳುತ್ತಿದ್ದೇನೆ, ನೋಡಿದ್ದಲ್ಲ ಎಂಬುದು ಕ್ರಿಯಾಪದದ ತುದಿಯಲ್ಲೇ ಬಂದುಬಿಡುತ್ತದೆ.